ಚುಕ್ಕೆ ಜಾರಿದರೆ ಸ್ಥಾಯಿಯೇ ಜಾರುತ್ತದೆ

ಸಂಪಾದಕರಿಗೆ,

ಮಾನ್ಯರೇ,

ಪತ್ರಿಕೆಗಳ ಸಂಗೀತ ಪುಟದಲ್ಲಿ, ಜೂನಿಯರ್, ಸೀನಿಯರ್ ಪರೀಕ್ಷೆಗೆ ಮಕ್ಕಳು ಓದುವ ಪುಸ್ತಕಗಳಲ್ಲಿ, ಸಂಗೀತ ಸಭೆಗಳ ಸ್ಮರಣ ಸಂಚಿಕೆಗಳಲ್ಲಿ ಕನ್ನಡ ಸ್ವರಲಿಪಿ, ಅಂದರೆ ಹಾಡನ್ನು ಸ ರಿ ಗ ಮ ಅಕ್ಷರಗಳಲ್ಲಿ ಬರೆದ ರೂಪ, ಅಚ್ಚಾಗುತ್ತಲೇ ಇದೆ. ಅದು ಒಳ್ಳೆಯದೇ. ಆದರೆ ಮೇಲಿನ ಸಪ್ತಕವನ್ನು ಸೂಚಿಸುವ ತಾರಸ್ಥಾಯಿಯ ಚುಕ್ಕೆ ಅಕ್ಷರದ ನೆತ್ತಿ ಬಿಟ್ಟು ಪಕ್ಕಕ್ಕೆ ಸರಿದಿರುವುದು, ವೇಗ ತೋರಿಸುವ ಕಾಲದ ಗೆರೆ ಅರ್ಧ ಅಕ್ಷರಕ್ಕೇ ನಿಂತುಹೋಗಿರುವುದು, ಸಾಹಿತ್ಯದ ಒತ್ತಕ್ಷರ ಕೆಳಸಾಲಿನ ಚುಕ್ಕೆಯನ್ನು ನುಂಗಿರುವುದು ಅಲ್ಲೆಲ್ಲ ಅಷ್ಟೇ ಮಾಮೂಲಿ. ಅಚ್ಚು ಚೆನ್ನಾಗಿಲ್ಲ ಎಂದಷ್ಟೇ ಹೇಳಿ ಇದನ್ನು ಬಿಡುವಂತಿಲ್ಲ. ಕಥೆ ಕಾದಂಬರಿಯಲ್ಲಿ ಒಂದು ಚುಕ್ಕೆ ತಪ್ಪಿದರೆ ಓದುಗ ಸರಿಮಾಡಿಕೊಂಡು ಮುಂದೆ ಹೋಗುತ್ತಾನೆ. ಸ್ವರಲಿಪಿಯಲ್ಲಿ ಚುಕ್ಕೆ ತಪ್ಪಿದರೆ ಸ್ವರವೇ ತಪ್ಪು.

ಎಲ್ಲರಿಗೂ ಗೊತ್ತಿರುವ ಸಾಲನ್ನೇ ತೆಗೆದುಕೊಳ್ಳಿ. ಮಲಹರಿ ರಾಗದ, ರೂಪಕ ತಾಳದ ‘ಶ್ರೀ ಗಣನಾಥ’ ಪಿಳ್ಳಾರಿ ಗೀತೆಯ ಮೊದಲ ಎರಡು ಆವರ್ತ (ತಾಳದ ಸುತ್ತು) ಹೀಗಿದೆ: ಮ ಪ | ದ ಸ ಸ ರಿ || ರಿ ಸ | ದ ಪ ಮ ಪ ||. ಹನ್ನೆರಡು ಸ್ವರಗಳ ಪೈಕಿ ನಡುವಿನ ಐದಕ್ಕೆ, ಅಂದರೆ ಮೊದಲ ಆವರ್ತದ ಕೊನೆಯ ಸ ಸ ರಿ ಮತ್ತು ಎರಡನೆಯದರ ಮೊದಲ ರಿ ಸ, ಇವಕ್ಕೆ ಮೇಲ್ಚುಕ್ಕೆ ಇರಬೇಕು. ಚುಕ್ಕೆಗಳ ಸಾಲು ಒಂದಕ್ಷರದಷ್ಟು ಎಡಕ್ಕೆ ಸರಿದರೆ ದೈವತಕ್ಕೆ (ದ) ತಾರಸ್ಥಾಯಿ ಬರುತ್ತದೆ, ಕೊನೆಯ ಷಡ್ಜ (ಸ) ಮಧ್ಯಸ್ಥಾಯಿಗೆ ಬೀಳುತ್ತದೆ. ಚುಕ್ಕೆಗಳೇ ಅಳಿಸಿಹೋದರೆ ದೈವತದಿಂದ ಮೇಲೇರಬೇಕಾದ ಹಾಡು ಕೆಳಕ್ಕೆ ಧುಮುಕುತ್ತದೆ. ಗುರುಗಳ ಎದುರು ಕೂತು ಕಲಿಯುವ ಮಗುವಿಗೆ ಇದರಿಂದ ತೊಂದರೆಯಿಲ್ಲ, ಕಿವಿಯೇ ತಿದ್ದುತ್ತದೆ. ಪುಸ್ತಕವನ್ನೇ ನಂಬಿ ಕೂತವರ, ಅದರಲ್ಲೂ ಪಕ್ಕದಲ್ಲಿ ಹೇಳಿಕೊಡುವವರಿಲ್ಲದ ಹೊರನಾಡಿನ ಕನ್ನಡದ ಮಕ್ಕಳ ಗತಿ ಬೇರೆ.

ತಪ್ಪು ಹುಟ್ಟುವ ಜಾಗ ಯಾವುದೆಂದು ಡಿಟಿಪಿ ಕೆಲಸ ಬಲ್ಲವರಿಗೆಲ್ಲ ಗೊತ್ತು. ಅಕ್ಷರಗಳನ್ನು ಒಂದು ಸಾಲಿನಲ್ಲಿ ಬೆರಳಚ್ಚು ಮಾಡುತ್ತಾರೆ. ಅದರ ಮೇಲೆ ಬೇರೊಂದು ಪಠ್ಯಚೌಕಟ್ಟು ಇಟ್ಟು, ಸ್ಪೇಸ್ ಒತ್ತಿ ಒತ್ತಿ ಪೂರ್ಣವಿರಾಮಗಳನ್ನು ಅಂದಾಜಿನಲ್ಲಿ ಕೂರಿಸುತ್ತಾರೆ. ಕಾಲದ ಗೆರೆಯನ್ನು ಲೈನ್ ಟೂಲ್‌ನಿಂದ ಎಳೆಯುತ್ತಾರೆ. ಪರದೆಯ ಮೇಲೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಆಮೇಲೆ ಯಾರೋ ಫಾಂಟ್ ಬದಲಾಯಿಸುತ್ತಾರೆ, ಇಲ್ಲವೇ ಡೆಮಿ ಪುಟಕ್ಕೆ ಮಾಡಿದ್ದನ್ನು ಎ5ಕ್ಕೆ ಇಳಿಸುತ್ತಾರೆ. ಅಕ್ಷರಗಳು ಜರುಗುತ್ತವೆ, ಚುಕ್ಕೆ ಗೆರೆಗಳು ಇದ್ದಲ್ಲೇ ಇರುತ್ತವೆ. ಯಾವ ಚುಕ್ಕೆ ಯಾವ ಅಕ್ಷರದ್ದು ಎಂಬ ಮಾಹಿತಿ ಕಡತದಲ್ಲಿ ಎಲ್ಲೂ ದಾಖಲಾಗಿಲ್ಲದ ಕಾರಣ ಕಂಪ್ಯೂಟರ್ ಅದನ್ನು ಸರಿಪಡಿಸಲಾರದು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿದ ಪುಸ್ತಕವನ್ನು ಯೂನಿಕೋಡ್‌ಗೆ ತರುವಾಗ ಇನ್ನೊಂದು ಅನಾಹುತ ಆಗುತ್ತದೆ: ಬೇಸ್‌ಲೈನ್ ಮೇಲೆತ್ತಿ ಕೂರಿಸಿದ ಪೂರ್ಣವಿರಾಮಗಳ ಫಾರ್ಮ್ಯಾಟಿಂಗ್ ಕಳಚಿಹೋಗಿ ಅವೆಲ್ಲ ನೆಲಕ್ಕಿಳಿದು ವಾಕ್ಯಾಂತ್ಯದ ಚುಕ್ಕೆಗಳಾಗಿಬಿಡುತ್ತವೆ.

ಈ ಸಮಸ್ಯೆಯನ್ನು, ಐದು ಗೆರೆಗಳ ಮೇಲೆ ಸ್ವರ ಬರೆಯುವ ಪಾಶ್ಚಾತ್ಯ ಸ್ಟಾಫ್ ನೊಟೇಶನ್‌ನ ತಂತ್ರಾಂಶಗಳು ಬಹಳ ಹಿಂದೆಯೇ ಎದುರಿಸಿ ಮಟ್ಟಹಾಕಿವೆ. ಮಂಗಳೂರು, ಬೆಂಗಳೂರಿನ ಚರ್ಚ್ ಗಾಯಕವೃಂದಗಳಲ್ಲಿ ಇವನ್ನು ಬಳಸುವವರಿದ್ದಾರೆ. ಕರ್ನಾಟಕ ಸಂಗೀತದ ಪುಸ್ತಕ ಮಾಡುವವರು ಮಾತ್ರ ಆ ಕಡೆ ತಿರುಗಿ ನೋಡಿದ್ದು ಕಡಿಮೆ. ನಮ್ಮ ಸಂಗೀತವನ್ನು ಐದು ಗೆರೆಗೆ ಇಳಿಸಿ ಎಂದು ನಾವು ಹೇಳುತ್ತಿಲ್ಲ. ಚಿಹ್ನೆಯನ್ನು ಪುಟದ ಮೇಲೆ ಎಲ್ಲಿ ಕೂರಿಸಬೇಕೆಂದು ಆ ತಂತ್ರಾಂಶಗಳು ತೀರ್ಮಾನಿಸುವ ಕ್ರಮವನ್ನು ನಮ್ಮ ಸ್ವರಲಿಪಿಗೆ ಹಾಗೆಯೇ ಅನ್ವಯಿಸಬಹುದು, ಅನ್ವಯಿಸಬೇಕು.

ಅವುಗಳಲ್ಲಿ ಮೊದಲು ಗಮನಿಸಬೇಕಾದ್ದು ಅಳತೆಗೋಲು. ಮಿಲಿಮೀಟರಿನಲ್ಲೂ ಅಳೆಯುವುದಿಲ್ಲ, ಪಾಯಿಂಟಿನಲ್ಲೂ ಅಳೆಯುವುದಿಲ್ಲ. ಸ್ಟಾಫ್‌ನ ಎರಡು ಗೆರೆಗಳ ನಡುವಿನ ಅಂತರವೇ ಮೂಲಮಾನ. ಸ್ವರದ ದುಂಡು ತಲೆಗೆ ತಾಗಿದ ಕಡ್ಡಿಯ ಉದ್ದ ಸಾಮಾನ್ಯವಾಗಿ ಮೂರೂವರೆ ಅಂತರ. 1996ರಲ್ಲಿ ಶುರುವಾದ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಲಿಲಿಪಾಂಡ್ ಎಂಬ ತಂತ್ರಾಂಶದಲ್ಲಿ ಸ್ಟಾಫ್‌ನ ಎತ್ತರ ಮೂಲತಃ 20 ಪಾಯಿಂಟ್. ಅಂದರೆ ಒಂದು ಅಂತರ 5 ಪಾಯಿಂಟ್, ಸುಮಾರು 1.76 ಮಿ.ಮೀ. ಆ 20ನ್ನು 16 ಮಾಡಿದರೆ ಚಿಹ್ನೆಗಳು, ಅವುಗಳ ನಡುವಿನ ಜಾಗ ಎಲ್ಲ ಅದೇ ಪ್ರಮಾಣದಲ್ಲಿ ಕಿರಿದಾಗುತ್ತವೆ, ಯಾವುದೂ ಜಾಗ ತಪ್ಪುವುದಿಲ್ಲ. ಸ್ಟೈನ್‌ಬರ್ಗ್ ಕಂಪನಿಯಲ್ಲಿ 2013ರಲ್ಲಿ ರೂಪುಗೊಂಡ ಸ್ಮಫಲ್ ಎಂಬ ಸಂಗೀತ ಫಾಂಟ್ ಮಾನಕವೂ ಇದೇ ಲೆಕ್ಕದ್ದು: ಫಾಂಟ್‌ನ ಒಂದು ಎಮ್ (ಅಕ್ಷರದ ಗಾತ್ರದಷ್ಟು ಅಳತೆ) ಎಂದರೆ ನಾಲ್ಕು ಅಂತರ. ಆ ಮಾನಕದ ಪ್ರಕಾರ ಫಾಂಟ್ ಜೊತೆಗೆ ಒಂದು ಮಾಹಿತಿ ಕಡತವೂ ಇರುತ್ತದೆ. ಸ್ವರದ ತಲೆಗೆ ಕಡ್ಡಿ ಎಲ್ಲಿ ತಾಗಬೇಕು, ಶಾರ್ಪ್, ಫ್ಲಾಟ್ ಚಿಹ್ನೆಗಳ ಯಾವ ಮೂಲೆ ಖಾಲಿ ಇದೆ, ಅಲ್ಲಿಗೆ ಪಕ್ಕದ ಚಿಹ್ನೆಯನ್ನು ಎಷ್ಟು ಒಳಸರಿಸಬಹುದು ಎಂಬುದೆಲ್ಲ ಅದರಲ್ಲಿ ಅಂಕಿಗಳಾಗಿ ದಾಖಲಾಗಿದೆ.

ಎರಡನೆಯದು ಒಡೆತನ. ಸ್ವರವನ್ನು ಕಡಿದು ನುಡಿಸಲು ಹೇಳುವ ಸ್ಟಾಕಾಟೊ ಚುಕ್ಕೆ ಪುಟದ ಮೇಲೆ ತಾನಾಗಿ ಎಲ್ಲೋ ತೇಲುವ ವಸ್ತುವಲ್ಲ, ಅದು ಒಂದು ನಿರ್ದಿಷ್ಟ ಸ್ವರದ ಚುಕ್ಕೆ. ಸ್ವರ ಪಕ್ಕಕ್ಕೆ ಸರಿದರೆ ಅದೂ ಸರಿಯುತ್ತದೆ. ಒಂದೇ ಧ್ವನಿಯ ಸಾಲಿನಲ್ಲಿ ಅದು ಕಡ್ಡಿಯ ಕಡೆಗಲ್ಲ, ತಲೆಯ ಕಡೆಗೆ ಕೂರಬೇಕು. ಸ್ಟಾಫ್‌ನೊಳಗೆ ಬಿದ್ದರೆ ಗೆರೆಯ ಮೇಲೆ ಬರದೆ ಅಂತರದ ನಡುವೆ ನಿಲ್ಲಬೇಕು. ಸ್ವರದ ಅವಧಿ ಹೆಚ್ಚಿಸುವ ಬಲಬದಿಯ ಚುಕ್ಕೆಗೂ ಇಂಥದೇ ನಿಯಮ: ಸ್ವರ ಗೆರೆಯ ಮೇಲಿದ್ದರೆ ಚುಕ್ಕೆ ಮೇಲಿನ ಅಂತರಕ್ಕೆ ಏರುತ್ತದೆ. ಬರೆಯುವವರು ‘ಈ ಸ್ವರಕ್ಕೆ ಸ್ಟಾಕಾಟೊ’ ಎಂದು ಹೇಳಿದರೆ ಸಾಕು. ಜಾಗ ಹುಡುಕುವುದು ತಂತ್ರಾಂಶದ ಕೆಲಸ.

ಮೂರನೆಯದು ಸರದಿ, ನಮಗೆ ಬಹಳ ಬೇಕಾದ್ದು ಇದೇ. ಒಂದೇ ಸ್ವರದ ಮೇಲೆ ನಾಲ್ಕೈದು ಚಿಹ್ನೆ ಬಂದರೆ ಯಾವುದು ಒಳಗೆ, ಯಾವುದು ಹೊರಗೆ? ಲಿಲಿಪಾಂಡ್‌ನಲ್ಲಿ ಸ್ಟಾಫ್‌ನ ಹೊರಗಿನ ಪ್ರತಿ ಬಗೆಯ ಚಿಹ್ನೆಗೂ ಒಂದು ಆದ್ಯತಾ ಸಂಖ್ಯೆ ಇದೆ. ಮೆಲುವಾಗಿ, ಜೋರಾಗಿ ಎಂದು ಸೂಚಿಸುವ ನಾದಬಲದ ಚಿಹ್ನೆಗಳ ಸಾಲಿಗೆ 250, ಸ್ಥಾಯಿ ಏರಿಸುವ ಇಳಿಸುವ ಕಂಸಕ್ಕೆ 400, ಬಿಡಿ ಪಠ್ಯಕ್ಕೆ 450, ಪುನರಾವರ್ತನೆಯ ಕಂಸಕ್ಕೆ 600. ಸಂಖ್ಯೆ ಚಿಕ್ಕದಾದಷ್ಟೂ ಸ್ಟಾಫ್‌ಗೆ ಹತ್ತಿರ. ಚಿಕ್ಕ ಸಂಖ್ಯೆಯದು ಮೊದಲು ಕೂರುತ್ತದೆ, ದೊಡ್ಡ ಸಂಖ್ಯೆಯದು ಅದನ್ನು ತಪ್ಪಿಸಿಕೊಂಡು ಹೊರಗೆ ಕೂರುತ್ತದೆ. ಈ ಅಂಕಿಗಳ ಹಿಂದೆ ಒಂದು ತರ್ಕ ಕಾಣುತ್ತದೆ. ಒಂದೇ ಸ್ವರಕ್ಕೆ ಸೇರಿದ್ದು ಒಳಗೆ, ಸ್ವರಗುಂಪಿಗೆ ಸೇರಿದ್ದು ಅದರಾಚೆ, ಪಂಕ್ತಿಗೆ ಸೇರಿದ್ದು ಎಲ್ಲಕ್ಕಿಂತ ಹೊರಗೆ.

ಡಿಕ್ಕಿ ತಪ್ಪಿಸುವ ಲೆಕ್ಕ ಇನ್ನೂ ಸೊಗಸು. ಪ್ರತಿ ಚಿಹ್ನೆಯ ಸುತ್ತ ಒಂದು ಆಯತ ಕಲ್ಪಿಸಿಕೊಂಡು, ಆಯತಗಳು ತಾಗದಂತೆ ನೋಡಿಕೊಳ್ಳುವುದು ಸುಲಭದ ದಾರಿ. ಆದರೆ ಆಯತದ ಮೂಲೆಗಳು ಬಹುಪಾಲು ಖಾಲಿ ಇರುವುದರಿಂದ ಜಾಗ ದಂಡವಾಗುತ್ತದೆ. ಅದಕ್ಕೆ ಬದಲು ಲಿಲಿಪಾಂಡ್, ಬೀದಿಯ ಮನೆಗಳ ಸೂರಿನ ಅಂಚನ್ನು ಒಂದೇ ಗೆರೆಯಾಗಿ ನೋಡಿದ ಹಾಗೆ, ಇಡೀ ಸಾಲಿನ ಮೇಲಂಚಿನ ಏರಿಳಿತವನ್ನೂ ಮೇಲಿನ ಸಾಲಿನ ಕೆಳಂಚಿನ ಏರಿಳಿತವನ್ನೂ ಲೆಕ್ಕಹಾಕುತ್ತದೆ. ಎರಡೂ ಅಂಚುಗಳು ತಾಗದ ಹಾಗೆ, ನಡುವೆ ಗೊತ್ತುಮಾಡಿದಷ್ಟು ಜಾಗ ಬಿಟ್ಟು ಹತ್ತಿರ ತರುತ್ತದೆ. ಸ್ಟಾಫ್‌ನ ಹೊರಗೆ ಕೂರುವ ಚಿಹ್ನೆಗಳ ನಡುವೆ ಹೀಗೆ ಬಿಡುವ ಜಾಗ ಲಿಲಿಪಾಂಡ್‌ನಲ್ಲಿ ಮೂಲತಃ 0.46 ಅಂತರ. ಬರೀ ಡಿಕ್ಕಿ ತಪ್ಪಿಸಿದರೆ ಇನ್ನೊಂದು ಕುಂದು ಉಳಿಯುತ್ತದೆ. ಎತ್ತರದ ಸ್ವರವಿದ್ದಲ್ಲಿ ಚಿಹ್ನೆ ಮೇಲೆ, ತಗ್ಗಿನ ಸ್ವರವಿದ್ದಲ್ಲಿ ಕೆಳಗೆ ಎಂದು ಸಾಲೆಲ್ಲ ಏರುಪೇರಾಗುತ್ತದೆ. ಹಾಗಾಗಿ ನಾದಬಲದ ಅಕ್ಷರಗಳನ್ನೂ ಅವನ್ನು ಕೂಡಿಸುವ ಕತ್ತರಿಯಾಕಾರದ ಗೆರೆಗಳನ್ನೂ ಒಂದೇ ಸಮಗೆರೆಗೆ ಕಟ್ಟಿಹಾಕುತ್ತಾರೆ. ವಾದ್ಯಕ್ಕಾದರೆ ಇವೆಲ್ಲ ಸ್ಟಾಫ್‌ನ ಕೆಳಗೆ. ಹಾಡಿಗಾದರೆ ಮೇಲೆ, ಏಕೆಂದರೆ ಕೆಳಗೆ ಸಾಹಿತ್ಯ ಇರುತ್ತದೆ.

ಚಿಹ್ನೆಯ ಜಾಗವನ್ನು ನಾವೇ ಬದಲಿಸುವ ಸೌಲಭ್ಯ ಈ ತಂತ್ರಾಂಶಗಳಲ್ಲೆಲ್ಲ ಇದೆ. ಸಿಬೇಲಿಯಸ್ ಎಂಬ ತಂತ್ರಾಂಶ 2009ರ ತನ್ನ ಆರನೇ ಆವೃತ್ತಿಯಲ್ಲಿ ಡಿಕ್ಕಿ ತಪ್ಪಿಸುವ ವ್ಯವಸ್ಥೆ ತಂದಿತು, ಮ್ಯೂಸ್‌ಸ್ಕೋರ್ ಎಂಬ ಇನ್ನೊಂದು ಮೂರನೇ ಆವೃತ್ತಿಯಲ್ಲಿ ತಂದಿತು. ಎರಡರಲ್ಲೂ ಒಂದು ಚಿಹ್ನೆಗೆ ಮಾತ್ರ ಆ ವ್ಯವಸ್ಥೆಯನ್ನು ಆಫ್ ಮಾಡಿ ಚಿಹ್ನೆಯನ್ನು ಬೇಕಾದಲ್ಲಿಗೆ ಒಯ್ಯಬಹುದು. ಆದರೆ ಹೀಗೆ ಕೈಯಾಡಿಸಿದ ಚಿಹ್ನೆ ಮುಂದೆ ಪುಟದ ಗಾತ್ರ ಬದಲಾದಾಗ ಮೊದಲು ಕೈಕೊಡುತ್ತದೆ. ಆದ್ದರಿಂದ ಅನುಭವಿಗಳು ಪುಟ ಮುರಿಯುವ ಜಾಗ, ಸಾಲು ಮುರಿಯುವ ಜಾಗ ಪೂರ್ತಿ ಗೊತ್ತಾದ ಮೇಲೆಯೇ, ಕಟ್ಟಕಡೆಗೆ, ಕೈ ಹಚ್ಚುತ್ತಾರೆ. ನಮ್ಮಲ್ಲಿ ನಡೆಯುವುದು ಇದರ ತಲೆಕೆಳಗು. ಮೊದಲ ದಿನದಿಂದಲೇ ಎಲ್ಲವೂ ಕೈಯಿಂದ.

ಈಗ ಕನ್ನಡ ಸ್ವರಲಿಪಿಗೆ ಬರೋಣ. ಅಕ್ಷರದ ಸುತ್ತ ಏನೇನು ಬರುತ್ತದೆ? ಮೇಲೆ ತಾರಸ್ಥಾಯಿಯ ಚುಕ್ಕೆ, ಗಮಕದ (ಸ್ವರವನ್ನು ಅಲುಗಿಸುವ ಬಗೆಯ) ಗುರುತು, ದುರಿತಕಾಲದ, ಅಂದರೆ ವೇಗದ, ಒಂದು ಅಥವಾ ಎರಡು ಗೆರೆ. ಕೆಳಗೆ ಮಂದ್ರಸ್ಥಾಯಿಯ (ಕೆಳಗಿನ ಸಪ್ತಕದ) ಚುಕ್ಕೆ, ಅದರಡಿ ಸಾಹಿತ್ಯ. ಬದಿಯಲ್ಲಿ ಅಲ್ಪವಿರಾಮ, ಅರ್ಧವಿರಾಮ, ತಾಳದ ಒಂದು ಭಾಗವಾದ ಅಂಗ ಮುಗಿದಾಗಿನ ದಂಡ, ಆವರ್ತದ ಜೋಡಿ ದಂಡ. ಮೇಲಿನ ಮೂರರ ಸರದಿ ಹೀಗಿರಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ: ಅಕ್ಷರಕ್ಕೆ ಅಂಟಿಕೊಂಡು ಚುಕ್ಕೆ, ಅದರ ಮೇಲೆ ಗಮಕ, ಎಲ್ಲಕ್ಕಿಂತ ಮೇಲೆ ಕಾಲದ ಗೆರೆ. ಚುಕ್ಕೆಯೂ ಗಮಕವೂ ಒಂದೊಂದು ಸ್ವರದ ಸೊತ್ತು, ಗೆರೆ ಗುಂಪಿನ ಸೊತ್ತು. ಕೆಲವು ಪುಸ್ತಕಗಳಲ್ಲಿ ಗೆರೆಯ ಮೇಲೆ ಚುಕ್ಕೆ ಇಡುತ್ತಾರೆ. ಎರಡು ಗೆರೆ ಬಂದ ಕಡೆ ಆ ಚುಕ್ಕೆ ಅಕ್ಷರದಿಂದ ಎಷ್ಟು ದೂರವಾಗುತ್ತದೆಂದರೆ, ಅದು ಮೇಲಿನ ಸಾಲಿನ ಮಂದ್ರಸ್ಥಾಯಿಯ ಚುಕ್ಕೆಯೋ ಕೆಳಸಾಲಿನ ತಾರಸ್ಥಾಯಿಯ ಚುಕ್ಕೆಯೋ ಹೇಳಲಾಗದು. ಗಮಕಗಳಿಗೆ ಪ್ರತ್ಯೇಕ ಗುರುತುಗಳನ್ನಿಟ್ಟು ಸುಬ್ಬರಾಮ ದೀಕ್ಷಿತರು 1904ರಲ್ಲಿ ಎಟ್ಟಯಪುರದಲ್ಲಿ, ಮೊಳೆ ಜೋಡಿಸುವ ಕಾಲದಲ್ಲೇ, ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಂಥ ದೊಡ್ಡ ಗ್ರಂಥವನ್ನು ತೆಲುಗು ಲಿಪಿಯಲ್ಲಿ ಅಚ್ಚು ಹಾಕಿಸಿದರು. ಕಂಪ್ಯೂಟರ್ ಇರುವ ಕಾಲದಲ್ಲಿ ನಾವು ಒಂದು ಚುಕ್ಕೆಗೆ ಸೋಲಬಾರದು.

ಸರದಿ ಗೊತ್ತಾದ ಮೇಲೆ ಅಳತೆ. ಅಕ್ಷರದ ಗಾತ್ರವನ್ನೇ ಮೂಲಮಾನ ಮಾಡಿಕೊಳ್ಳಿ. ಚುಕ್ಕೆಯ ಅಗಲ ಗಾತ್ರದ ಏಳನೇ ಒಂದು ಭಾಗ, ಅಕ್ಷರಕ್ಕೂ ಚುಕ್ಕೆಗೂ ನಡುವೆ ಹತ್ತನೇ ಒಂದು ಭಾಗ. 12 ಪಾಯಿಂಟ್ ಅಕ್ಷರಕ್ಕೆ ಚುಕ್ಕೆ 1.7, ನಡುವಿನ ಜಾಗ 1.2 ಪಾಯಿಂಟ್ ಆಯಿತು. ಕಾಲದ ಗೆರೆ 0.5 ಪಾಯಿಂಟ್ ದಪ್ಪ ಇರಲಿ, ಇದಕ್ಕಿಂತ ಸಣ್ಣ ಗೆರೆ ಸುದ್ದಿಕಾಗದದ ಮೇಲೆ ತುಂಡುತುಂಡಾಗುತ್ತದೆ. ಎರಡು ಗೆರೆಗಳ ನಡುವೆ ಒಂದೂವರೆ ಪಾಯಿಂಟ್ ಬಿಡಿ. ಕಡಿಮೆ ಮಾಡಿದರೆ ಶಾಯಿ ಹರಡಿ ಎರಡೂ ಸೇರಿ ಒಂದೇ ದಪ್ಪ ಗೆರೆಯಾಗಿ ನಾಲ್ಕನೇ ಒಂದರ ಅವಧಿ ಅರ್ಧದ ಅವಧಿಯಾಗಿಬಿಡುತ್ತದೆ. ಚುಕ್ಕೆಗೂ ಕೆಳಗಿನ ಗೆರೆಗೂ ನಡುವೆ ಕೂಡ 1.2 ಪಾಯಿಂಟ್ ಬಿಟ್ಟು ಕೂಡಿದರೆ ಅತಿ ಎತ್ತರದ ಅಕ್ಷರದ ನೆತ್ತಿಯಿಂದ ಮೇಲಿನ ಗೆರೆಯ ತುದಿಯವರೆಗೆ 6.6 ಪಾಯಿಂಟ್ ಬೇಕು. ಗಮಕದ ಗುರುತು ಇದ್ದರೆ ಅದರ ಎತ್ತರ ಬೇರೆ. ಸ್ವರಸಾಲಿನಿಂದ ಅದರ 10 ಪಾಯಿಂಟ್ ಸಾಹಿತ್ಯದ ಸಾಲಿಗೆ 16 ಪಾಯಿಂಟ್, ಸಾಹಿತ್ಯದಿಂದ ಮುಂದಿನ ಸ್ವರಸಾಲಿಗೆ 26 ಪಾಯಿಂಟ್ ಕೊಟ್ಟರೆ ಉಸಿರಾಡಲು ಜಾಗ ಸಿಗುತ್ತದೆ. ಎ5 ಪುಟದಲ್ಲಿ ಮೇಲೆ ಕೆಳಗೆ 20 ಮಿ.ಮೀ. ಅಂಚು ಬಿಟ್ಟರೆ ಇಂಥ 11 ಜೋಡಿ ಸಾಲು ಹಿಡಿಸುತ್ತದೆ. ಹದಿನಾಲ್ಕು ತುರುಕುವ ಆಸೆ ಬೇಡ.

ಕನ್ನಡ ಅಕ್ಷರಗಳ ಆಕಾರದಿಂದಲೇ ಬರುವ ತೊಡಕುಗಳಿವೆ. ಏಳು ಸ್ವರಾಕ್ಷರಗಳ ತಳವೆಲ್ಲ ಒಂದೇ ಮಟ್ಟದಲ್ಲಿದೆ, ಹಾಗಾಗಿ ಕೆಳಚುಕ್ಕೆಗೆ ಒಂದೇ ಆಳ ಸಾಕು. ನೆತ್ತಿ ಹಾಗಲ್ಲ. ಸ, ಗ, ಪ, ದಗಳ ತಲಕಟ್ಟಿನ ಎತ್ತರ ಒಂದು, ರಿ ಮತ್ತು ನಿಗಳ ಗುಡಿಸಿನ ಎತ್ತರ ಇನ್ನೊಂದು. ಅಕ್ಷರಕ್ಕೆ ತಕ್ಕಂತೆ ಚುಕ್ಕೆ ಏರಿಳಿದರೆ ‘ಸ ಸ ರಿ ರಿ ಸ’ ಸಾಲಿನ ಐದು ಚುಕ್ಕೆಗಳು ಕುಣಿಯುತ್ತವೆ. ನಾದಬಲದ ಸಾಲಿಗೆ ಮಾಡಿದಂತೆ ಮೇಲ್ಚುಕ್ಕೆಗಳಿಗೂ ರಿ, ನಿಗಳ ನೆತ್ತಿ ನೋಡಿ ಒಂದೇ ಎತ್ತರ ಕಟ್ಟಬೇಕು. ಕಾಲದ ಗೆರೆಗೂ ಅಷ್ಟೇ. ಗುಂಪಿನಲ್ಲಿ ಚುಕ್ಕೆಯಿರಲಿ ಬಿಡಲಿ, ಸಾಲಿನುದ್ದಕ್ಕೂ ಗೆರೆಯ ಎತ್ತರ ಒಂದೇ.

ಅಡ್ಡದಿಕ್ಕಿನಲ್ಲಿ ಚುಕ್ಕೆಯ ಜಾಗ ಮೂಲಾಕ್ಷರದ ನಡುವೆ ಇರಬೇಕು, ದೀರ್ಘದ ಬಾಲ ಸೇರಿಸಿ ಅಳೆದ ನಡುವೆ ಅಲ್ಲ. ರೀ, ನೀ ಬರೆದಾಗ ದೀರ್ಘ ಬಲಕ್ಕೆ ಪ್ರತ್ಯೇಕವಾಗಿ ನಿಲ್ಲುತ್ತದೆ. ಎರಡನ್ನೂ ಸೇರಿಸಿ ನಡು ಹಿಡಿದರೆ ಚುಕ್ಕೆ ರಿ ಮತ್ತು ದೀರ್ಘದ ನಡುವಿನ ಸಂದಿಯಲ್ಲಿ ಬೀಳುತ್ತದೆ. ಮ ಅಕ್ಷರಕ್ಕೆ ಬಲಗಡೆ ಕೊಂಡಿ ಇರುವುದರಿಂದ ಅದರ ಎಡಗಡೆಯ ಒಡಲಿನ ನಡುವೆ ಇಡುವುದೇ ಕಣ್ಣಿಗೆ ಸರಿ.

ಕೆಳಚುಕ್ಕೆಯ ಅಪಾಯ ಬೇರೆಯದು. ಪ ಅಕ್ಷರದ ತಳಕ್ಕೆ ಚುಕ್ಕೆ ತೀರಾ ಹತ್ತಿರವಾಗಿ ಶಾಯಿ ಕೂಡಿಕೊಂಡರೆ ಅದು ಫ ಆಗಿ ಕಾಣುತ್ತದೆ. ದ ಅಕ್ಷರ ಧ ಆಗುತ್ತದೆ. ದೈವತವನ್ನು ದ ಎಂದು ಬರೆಯುವ ಪುಸ್ತಕಗಳೂ ಧ ಎಂದು ಬರೆಯುವ ಪುಸ್ತಕಗಳೂ ಇರುವುದರಿಂದ ಓದುವವರಿಗೆ ಇದು ತಪ್ಪೆಂದು ಹೊಳೆಯುವುದೂ ಇಲ್ಲ, ಮಂದ್ರದ ದೈವತವನ್ನು ಮಧ್ಯಸ್ಥಾಯಿಯಲ್ಲಿ ಹಾಡಿಬಿಡುತ್ತಾರೆ. ಮೇಲೆ ಹೇಳಿದ ಹತ್ತನೇ ಒಂದು ಭಾಗದ ಜಾಗವನ್ನು ಯಾವ ಕಾರಣಕ್ಕೂ ಕಡಿಮೆ ಮಾಡಬಾರದೆನ್ನುವುದು ಇದಕ್ಕೇ.

ಯೂನಿಕೋಡ್‌ನಲ್ಲಿ ಚುಕ್ಕೆ ಹಾಕುವವರು ಮೂರು ವಿಷಯ ನೆನಪಿಡಬೇಕು. ಅಕ್ಷರಕ್ಕೆ ಅಂಟುವ ಮೇಲ್ಚುಕ್ಕೆಯ ಸಂಖ್ಯೆ 0307, ಕೆಳಚುಕ್ಕೆಯದು 0323. ಇವನ್ನು ಗುಣಿತ ಮುಗಿದ ಮೇಲೆ ಹಾಕಬೇಕು: ಮೊದಲು ರ, ಆಮೇಲೆ ಗುಡಿಸು, ಕೊನೆಗೆ ಚುಕ್ಕೆ. ರ ಆದ ಕೂಡಲೇ ಚುಕ್ಕೆ ಹಾಕಿ ಆಮೇಲೆ ಗುಡಿಸು ಕೊಟ್ಟರೆ ಗುಡಿಸು ಅನಾಥವಾಗಿ, ಚುಕ್ಕಿಗಳ ವೃತ್ತವೊಂದರ ಮೇಲೆ ಕೂತು ಪರದೆಯಲ್ಲಿ ಕಾಣಿಸಿಕೊಳ್ಳುತ್ತದೆ. ಎರಡನೆಯದು, ಮಂದ್ರಸ್ಥಾಯಿಗೆಂದು ಕೀಲಿಮಣೆಯಲ್ಲಿ ಸುಲಭವಾಗಿ ಸಿಗುವ ನುಕ್ತವನ್ನು ಬಳಸಬಾರದು. ಕನ್ನಡದ ನುಕ್ತ ಜ಼, ಫ಼ಗಳಲ್ಲಿ ಕಾಣುವಂತೆ ಜೋಡಿ ಚುಕ್ಕೆ. ಎರಡು ಚುಕ್ಕೆ ಎಂದರೆ ಅನುಮಂದ್ರವೆಂದು ಓದಿಕೊಳ್ಳುತ್ತಾರೆ, ಒಂದು ಸ್ಥಾಯಿ ಹೆಚ್ಚು ಕೆಳಗಿಳಿದಂತಾಯಿತು. ಮೂರನೆಯದು, ಎಷ್ಟೋ ಕನ್ನಡ ಫಾಂಟ್‌ಗಳಲ್ಲಿ ಈ ಚುಕ್ಕೆಗಳು ಅಂಟಿಕೊಳ್ಳಬೇಕಾದ ಜಾಗವನ್ನೇ ಗೊತ್ತುಮಾಡಿಲ್ಲ. ಆಗ ಚುಕ್ಕೆ ಬೇರೊಂದು ಫಾಂಟ್‌ನಿಂದ ಬಂದು ಅಕ್ಷರದ ಬಲಭುಜದ ಮೇಲೆ ಕೂರುತ್ತದೆ. ಕೆಲಸ ಶುರುಮಾಡುವ ಮುಂಚೆ ಏಳು ಅಕ್ಷರಗಳ ಹ್ರಸ್ವ, ದೀರ್ಘ ಎರಡಕ್ಕೂ ಮೇಲೊಂದು ಕೆಳಗೊಂದು ಚುಕ್ಕೆ ಹಾಕಿ ಒಂದು ಪುಟ ಮುದ್ರಿಸಿ ನೋಡಿದರೆ ಆ ಫಾಂಟ್‌ನ ಯೋಗ್ಯತೆ ತಿಳಿಯುತ್ತದೆ. ಇನ್‌ಡಿಸೈನ್ ಬಳಸುವವರು ವರ್ಲ್ಡ್ ರೆಡಿ ಕಂಪೋಸರ್ ಆನ್ ಮಾಡಿಕೊಂಡೇ ಈ ಪರೀಕ್ಷೆ ಮಾಡಬೇಕು, ಇಲ್ಲದಿದ್ದರೆ ಕನ್ನಡದ ಗುಣಿತವೇ ಸರಿಯಾಗಿ ಕೂಡುವುದಿಲ್ಲ.

ಜಾಲತಾಣದಲ್ಲಿ ಹಾಕುವವರಿಗೆ ಸಿಎಸ್‌ಎಸ್‌ನ ಟೆಕ್ಸ್ಟ್ ಎಂಫಸಿಸ್ ಎಂಬ ಸೌಲಭ್ಯದಿಂದ ಅಕ್ಷರದ ಮೇಲೋ ಕೆಳಗೋ ಚುಕ್ಕೆ ತರಿಸಬಹುದು. ಫಾಂಟ್ ಯಾವುದಿದ್ದರೂ ಚುಕ್ಕೆ ಸಾಕಷ್ಟು ನೇರವಾಗಿ ಕೂರುತ್ತದೆ. ಆದರೆ ಅದು ಬರೀ ಅಲಂಕಾರ, ಪಠ್ಯದ ಭಾಗವಲ್ಲ. ಯಾರಾದರೂ ಸಾಲನ್ನು ನಕಲು ಮಾಡಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಚುಕ್ಕೆಗಳೆಲ್ಲ ಮಾಯ. ಪಾಠಕ್ಕೆಂದು ಹಂಚುವ ಸ್ವರಲಿಪಿಗೆ ಇದನ್ನು ನಂಬಬೇಡಿ.

ಇನ್ನು ಕಂಬಸಾಲು. ಕನ್ನಡದಲ್ಲಿ ಗ ಕಿರಿದು, ಮ ಅಗಲ, ಸಾ ಇನ್ನೂ ಅಗಲ. ಸ್ಪೇಸ್ ಒತ್ತಿ ಇವನ್ನು ಮೇಲಿಂದ ಕೆಳಕ್ಕೆ ಒಂದೇ ನೇರಕ್ಕೆ ತರಲು ಸಾಧ್ಯವೇ ಇಲ್ಲ. ಟೇಬಲ್ ಹಾಕಿ, ತಾಳದ ಒಂದು ಅಕ್ಷರಕಾಲಕ್ಕೆ ಒಂದು ಕೋಶ ಎಂದು ಗೊತ್ತುಮಾಡಿ. ಬರೆಯುವ ಅಕ್ಷರಕ್ಕೊಂದು ಕೋಶ ಮಾಡಿದರೆ ದುರಿತಕಾಲ ಬಂದ ಕೂಡಲೇ ಲೆಕ್ಕ ತಪ್ಪುತ್ತದೆ. ಆದಿತಾಳದ ವರ್ಣದಲ್ಲಿ ಅಕ್ಷರಕಾಲಕ್ಕೆ ನಾಲ್ಕು ಸ್ವರದಂತೆ ಆವರ್ತಕ್ಕೆ 32 ಮಾತ್ರೆ. ಅದರ ಮೂರು ಅಂಗಗಳ ಪೈಕಿ ಲಘುವಿಗೆ 16, ಎರಡು ದ್ರುತಗಳಿಗೆ 8 ಮತ್ತು 8. ಎ5 ಪುಟದಲ್ಲಿ ಅಂಚು ಬಿಟ್ಟು ಸಿಗುವ 118 ಮಿ.ಮೀ. ಅಗಲಕ್ಕೆ 32ನ್ನೂ ತುಂಬಿದರೆ ಒಂದೊಂದಕ್ಕೆ 3.7 ಮಿ.ಮೀ. ಕೂಡ ಬರುವುದಿಲ್ಲ. ಸಾಲನ್ನು ಲಘುವಿನ ಕೊನೆಗೆ ಮುರಿಯಿರಿ. ಒಂದು ಸಾಲಿಗೆ ಲಘು, ಮುಂದಿನದಕ್ಕೆ ಎರಡು ದ್ರುತ. ಒಂದೊಂದು ಮಾತ್ರೆಗೆ 7 ಮಿ.ಮೀ. ಮೀರಿ ಸಿಗುತ್ತದೆ, ತಾಳದ ಅಂಗವೂ ಕಣ್ಣಿಗೆ ಹೊಡೆದಂತೆ ಕಾಣುತ್ತದೆ.

ಕರಡು ತಿದ್ದುವವರಿಗೆ ಒಂದು ಮಾತು. ಸ್ವರಲಿಪಿಯ ಅಲ್ಪವಿರಾಮ ವ್ಯಾಕರಣದ ಚಿಹ್ನೆಯಲ್ಲ, ಅದು ಒಂದು ಮಾತ್ರೆಯ ಕಾರ್ವೆ, ಅಂದರೆ ಸ್ವರ ಎಳೆದು ನಿಲ್ಲುವ ಕಾಲ. ಅರ್ಧವಿರಾಮ ಎರಡರದ್ದು. ಅಲ್ಪವಿರಾಮದ ಹಿಂದಿನ ಜಾಗ ಅಳಿಸಬೇಡಿ, ಎರಡು ಅಲ್ಪವಿರಾಮ ಒಟ್ಟಿಗೆ ಬಂದರೆ ಒಂದನ್ನು ತೆಗೆಯಬೇಡಿ, ಗುಂಪಿನೊಳಗೆ ಬಂದರೆ ಕಾಲದ ಗೆರೆ ಅದರ ಮೇಲೂ ಹಾಯಬೇಕು. ಗೆರೆ ಸರಿಯಾಗಿದೆಯೇ ಎಂದು ತಿಳಿಯಲು ರಾಗಜ್ಞಾನ ಬೇಡ, ಕೂಡುವ ಲೆಕ್ಕ ಸಾಕು. ಹ್ರಸ್ವಕ್ಕೆ 1, ದೀರ್ಘಕ್ಕೆ 2, ಅಲ್ಪವಿರಾಮಕ್ಕೆ 1, ಅರ್ಧವಿರಾಮಕ್ಕೆ 2. ಒಂದು ಗೆರೆಯಡಿ ಇದ್ದರೆ ಅರ್ಧ ಮಾಡಿ, ಎರಡು ಗೆರೆಯಡಿ ಕಾಲು ಮಾಡಿ. ದಂಡದಿಂದ ದಂಡಕ್ಕೆ ಕೂಡಿದರೆ ಅಂಗದ ಮಾತ್ರೆ ಬರಬೇಕು. ‘ಪಾ ಮ ಗ ರಿ’ ಎಂದಿದ್ದು ಮ ಗ ಎರಡರ ಮೇಲೆ ಒಂದು ಗೆರೆ ಇದ್ದರೆ 2, ಅರ್ಧ, ಅರ್ಧ, 1 ಸೇರಿ 4. ಗೆರೆ ರಿ ಮೇಲೂ ಚಾಚಿಕೊಂಡರೆ ಮೂರೂವರೆ. ಆ ಅರ್ಧ ಮಾತ್ರೆಯ ಕೊರತೆ ಗೆರೆ ಎಲ್ಲಿ ಉದ್ದವಾಗಿದೆ ಎಂದು ತಾನೇ ತೋರಿಸಿಕೊಡುತ್ತದೆ.

ಸಾಹಿತ್ಯದ ಸಾಲಿನಲ್ಲಿ ಬರಹದ ಅಕ್ಷರವನ್ನು ಒಡೆಯಬಾರದು. ‘ವರ್ಣ’ ಎಂಬುದನ್ನು ಎರಡು ಸ್ವರಗಳಿಗೆ ಹಂಚುವಾಗ ಮೊದಲನೆಯದಕ್ಕೆ ‘ವ’, ಎರಡನೆಯದಕ್ಕೆ ‘ರ್ಣ’. ಬಾಯಲ್ಲಿ ವರ್ ಎಂದು ಮೊದಲೇ ಬಂದರೂ ಕಣ್ಣು ಓದುವುದು ಒತ್ತಕ್ಷರವನ್ನು ಇಡಿಯಾಗಿಯೇ. ‘ಲಕ್ಷ್ಮಿ’, ‘ರಾಷ್ಟ್ರ’ದಂಥ ಪದ ಬಂದರೆ ಎರಡೆರಡು ಒತ್ತು ಕೆಳಗಿಳಿಯುತ್ತವೆ. ಅದರ ಕೆಳಗೇ ಮುಂದಿನ ಸಾಲಿನ ತಾರಷಡ್ಜ ಬಂದರೆ ಚುಕ್ಕೆ ಒತ್ತಿನೊಳಗೆ ಕಳೆದುಹೋಗುತ್ತದೆ. ಅಂಚಿನ ಏರಿಳಿತ ಲೆಕ್ಕಹಾಕುವ ತಂತ್ರಾಂಶವಾದರೆ ತಾನೇ ಜಾಗ ಮಾಡುತ್ತದೆ. ಕೈಯಿಂದ ಮಾಡುವವರು ಇಡೀ ಕೃತಿಯಲ್ಲಿ ಅತಿ ಆಳಕ್ಕಿಳಿಯುವ ಒತ್ತನ್ನು ಹುಡುಕಿ, ಅದಕ್ಕೆ ತಕ್ಕ ಅಂತರವನ್ನು ಎಲ್ಲ ಸಾಲಿಗೂ ಕೊಡಬೇಕು. ಒಂದು ಸಾಲಿಗೆ ಮಾತ್ರ ಹೆಚ್ಚು ಕೊಟ್ಟರೆ ಅಲ್ಲಿ ಹೊಸ ಭಾಗ ಶುರುವಾಯಿತೆಂದು ಓದುಗ ತಿಳಿಯುತ್ತಾನೆ.

ಧಾರವಾಡ, ಹುಬ್ಬಳ್ಳಿ ಕಡೆ ಹಿಂದೂಸ್ತಾನಿಯನ್ನು ಭಾತಖಂಡೆ ಪದ್ಧತಿಯಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆಯುವವರಿಗೆ ಕಷ್ಟ ಇರುವುದು ಅಕ್ಷರದ ಅಡಿಯಲ್ಲಿ. ಕೋಮಲಕ್ಕೆ (ತಗ್ಗಿಸಿದ ಸ್ವರಕ್ಕೆ) ಅಡಿಗೆರೆ, ಮಂದ್ರಕ್ಕೆ ಅಡಿಚುಕ್ಕೆ, ಒಂದು ಮಾತ್ರೆಯ ಸ್ವರಗಳನ್ನು ಕೂಡಿಸಲು ಅಡಿಕಮಾನು. ಮಂದ್ರದ ಕೋಮಲ ನಿಷಾದ ಕಮಾನಿನೊಳಗೆ ಬಂದರೆ ಮೂರೂ ಒಂದೇ ಕಡೆ. ಇಲ್ಲೂ ಅದೇ ಸರದಿ: ಅಕ್ಷರಕ್ಕೆ ತಾಗಿದಂತೆ ಕೋಮಲದ ಗೆರೆ, ಅದರಡಿ ಚುಕ್ಕೆ, ಅದರಡಿ ಕಮಾನು, ಆಮೇಲೆ ಸಾಹಿತ್ಯ, ಎಲ್ಲಕ್ಕಿಂತ ಕೆಳಗೆ ತಾಳದ ಗುರುತು. ತೀನ್‌ತಾಲವಾದರೆ 1, 5, 9, 13ನೇ ಮಾತ್ರೆಗಳಡಿ ಕ್ರಮವಾಗಿ ಸಮ್ಮಿನ (ತಾಳದ ಮೊದಲ ಮಾತ್ರೆಯ) ಗುಣಾಕಾರದ ಗುರುತು, 2, 0, 3. ಕೋಮಲದ ಗೆರೆಗೆ ವರ್ಡ್‌ನ ಅಂಡರ್‌ಲೈನ್ ಬಳಸಿದರೆ ಧ ಅಕ್ಷರದ ತಳದ ಸೀಳಿಗೆ ಅದು ಅಂಟಿಕೊಳ್ಳುತ್ತದೆ, ಪಕ್ಕದಲ್ಲೇ ಕೋಮಲ ನಿ ಇದ್ದರೆ ಎರಡರ ಗೆರೆ ಕೂಡಿ ಒಂದೇ ಆಗುತ್ತದೆ. ಅಕ್ಷರಕ್ಕೊಂದರಂತೆ ಬಿಡಿ ಗೆರೆ, ಅಕ್ಷರದ ಅಗಲಕ್ಕಿಂತ ತುಸು ಕಿರಿದಾಗಿ ಇರಬೇಕು.

ಪತ್ರಿಕೆಯವರಲ್ಲಿ ನಮ್ಮ ಕೋರಿಕೆ ಚಿಕ್ಕದು. ಸ್ವರಲಿಪಿಯನ್ನು ಒಂಟಿ ಕಾಲಮ್ಮಿಗೆ ಹಾಕಬೇಡಿ, ಎರಡು ಕಾಲಮ್ ಅಗಲವಾದರೂ ಕೊಡಿ. ಲೇಖಕರು ಕಳಿಸಿದ ಸ್ವರಲಿಪಿಯನ್ನು ಮತ್ತೆ ಬೆರಳಚ್ಚು ಮಾಡಿಸುವ ಬದಲು ಫಾಂಟ್ ಅಡಕವಾದ ಪಿಡಿಎಫ್ ತರಿಸಿಕೊಂಡು ಚಿತ್ರದಂತೆ ಕೂರಿಸಿ. ಜಾಗಕ್ಕೆ ಹೊಂದಿಸಲು ಅದನ್ನು ಅಡ್ಡಕ್ಕಷ್ಟೇ ಕುಗ್ಗಿಸಬೇಡಿ, ಚುಕ್ಕೆಗಳು ಮೊಟ್ಟೆಯಾಗಿ ಗೆರೆಯಂತೆ ಕಾಣುತ್ತವೆ. ಪರೀಕ್ಷೆಯ ಪುಸ್ತಕ ಅಚ್ಚು ಹಾಕಿಸುವವರು ಕೊನೆಯ ಕರಡನ್ನು ಪರದೆಯಲ್ಲಿ ನೋಡಿ ಒಪ್ಪಬಾರದು. ಅಚ್ಚಾಗುವ ಗಾತ್ರದಲ್ಲೇ, ಅಚ್ಚಾಗುವಂಥ ಕಾಗದದ ಮೇಲೇ ತೆಗೆಸಿ, ಹಾಡಬಲ್ಲ ಒಬ್ಬರ ಕೈಗೆ ಕೊಟ್ಟು ಹಾಡಿಸಿ ಒಪ್ಪಬೇಕು.

ಕನ್ನಡ ಫಾಂಟ್ ರೂಪಿಸುವವರಲ್ಲೂ ಕೇಳುವುದಿದೆ. ಸ, ರಿ, ಗ, ಮ, ಪ, ದ, ನಿ ಮತ್ತು ಇವುಗಳ ದೀರ್ಘ ಸೇರಿದರೆ 14 ರೂಪ. ಧ, ಧಾ ಸೇರಿಸಿಕೊಂಡರೆ 16. ಪ್ರತಿಯೊಂದಕ್ಕೂ ಮೇಲೊಂದು, ಕೆಳಗೊಂದು ಆಂಕರ್ (ಚುಕ್ಕೆ ಅಂಟುವ ಜಾಗದ ಗುರುತು) ಇಟ್ಟರೆ 32. ಚುಕ್ಕೆಯ ಮೇಲೆ ಇನ್ನೊಂದು ಗುರುತು ಕೂರುವಂತೆ ಚುಕ್ಕೆಗಳಿಗೂ ಆಂಕರ್ ಕೊಡಿ. ನೂರಾರು ಒತ್ತಕ್ಷರಗಳನ್ನು ಕೂರಿಸಿದವರಿಗೆ ಇದು ದೊಡ್ಡ ಕೆಲಸವಲ್ಲ. ಮುಂದಿನ ಆವೃತ್ತಿಯಲ್ಲಿ ದಯವಿಟ್ಟು ಸೇರಿಸಿ.

ಇಂತಿ,
ಸ್ವರಲಿಪಿಯ ಅಕ್ಷರಜೋಡಣೆ ಮತ್ತು ಕರಡು ತಿದ್ದುವ ಕೆಲಸದಲ್ಲಿರುವ ಓದುಗರು,
ಮೈಸೂರು